ಡೀಸೆಲ್ ಲಾರಿಯ ಸ್ಪಾರ್ಕ್ ಪ್ಲಗ್

ಹೌದು ಭಾವ, ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಾನು. ಆದ್ರೆ ಡೀಸೆಲ್ ಲಾರಿಗೆ ಸ್ಪಾರ್ಕ್ ಪ್ಲಗ್ ಇರಲ್ಲ ಅಂತ ನಂಗೆ ಗೊತ್ತು!

ಕೇಳ್ರಪ್ಪಾ, ಇವತ್ತು ಮಧ್ಯಾಹ್ನ ಭದ್ರಾವತಿಯ ಅಕ್ಕನ ಮನೆಯಲ್ಲಿ ನಡೆದದ್ದು. ಭಾವ ಅಲ್ಲಿನ ಅಭಿಮಾನಿ ಸಂಘದ ಅಧ್ಯಕ್ಷ. ಈ ಬೇಸಿಗೆಯ ದೊಡ್ಡ ಸಿನಿಮಾದಲ್ಲಿ ಅವರ ಹೀರೋ ಮೆಕ್ಯಾನಿಕ್ ಅಂತೆ. ಕೆಟ್ಟು ನಿಂತ ಡೀಸೆಲ್ ಲಾರಿಯ ಸ್ಪಾರ್ಕ್ ಪ್ಲಗ್ಗನ್ನು ಹಲ್ಲಲ್ಲಿ ಕಚ್ಚಿ ಕೀಳುತ್ತಾನೆ. ಬಾಗಿಲು ಬಡಿದರೆ ಹತ್ತು ರೌಡಿಗಳು ಹಾರಿ ಬೀಳುತ್ತಾರೆ. ಸವಳಂಗ ರಸ್ತೆಯ ಗ್ಯಾರೇಜಲ್ಲಿ ಆರು ವರ್ಷದಿಂದ ಲಾರಿ ಇಂಜಿನ್ ಬಿಚ್ಚುವ ನಾನು, "ಇದು ಸಿನಿಮಾ ಅಲ್ಲ, ಗುಜರಿ" ಅಂತ ನಿನ್ನೆ ಇಲ್ಲೇ ಪೋಸ್ಟ್ ಹಾಕಿದ್ದೆ.

"ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನಿಗೆ ಸಿನಿಮಾ ಬಗ್ಗೆ ಏನೋ ಗೊತ್ತು? ಅದನ್ನ ಡಿಲೀಟ್ ಮಾಡು. ಇಲ್ಲಾಂದ್ರೆ ಈ ಮನೆಗೆ ಕಾಲಿಡಬೇಡ" ಅಂದರು ಭಾವ.

"ಕಟೌಟಿಗೆ ಹಾಲು ಸುರಿಯೋಕೆ ನೀವು ಹತ್ತಿದಾಗ ಏಣಿ ಹಿಡಿದೋನು ನಾನೇ ಅಲ್ವಾ? ಆವಾಗ ನನ್ನ ಓದು ಕೇಳಿದ್ರಾ?"

ಅಕ್ಕ ಸಾರಿನ ಸೌಟು ಹಿಡಿದೇ ನಿಂತಿದ್ದಳು. "ಡಿಲೀಟ್ ಮಾಡಿಬಿಡೋ ಮಾರಾಯ, ಊಟ ಮಾಡು" ಅಂದಳು.

"ನಿಂಗೋಸ್ಕರ ಊಟ ಬೇಕಾದ್ರೂ ಬಿಡ್ತೀನಿ ಅಕ್ಕಾ. ಡೀಸೆಲ್ ಇಂಜಿನ್ನಿಗೆ ಮಾತ್ರ ಸ್ಪಾರ್ಕ್ ಪ್ಲಗ್ ಹಾಕಲ್ಲ."

ತಟ್ಟೆ ಬಿಟ್ಟು ಎದ್ದು ಬಂದೆ. ಇಡೀ ಬೀದಿಗೆ ಕೇಳುವ ಹಾಗೆ ಬಾಗಿಲು ಬಡಿದೆ. ಒಬ್ಬನೂ ಹಾರಿ ಬೀಳಲಿಲ್ಲ.