ಅಕ್ಕೋರು ಮಾಡಿದ ಪ್ರಯೋಗ

ಮೊನ್ನೆ ಸೋಲಾರ್ ಕೆಟ್ಟಿತೆಂದು ಮನೆಯಲ್ಲಿ ಹಳೆಯ ತಾಮ್ರದ ಹಂಡೆಗೆ ಜಾಲಿ ಕಟ್ಟಿಗೆಯ ಉರಿ ಹಾಕಿದ್ದರು. ಹೊಗೆ ಹತ್ತಿದ ಬಿಸಿನೀರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿಳೂರಿನ ಅಕ್ಕೋರ ಮನೆ ಕಣ್ಣೆದುರು ಬಂತು...

ಏಳನೇ ಇಯತ್ತೆಯಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರು. ಸ್ಕಾಲರ್‌ಶಿಪ್ ಪರೀಕ್ಷೆ ಹತ್ತಿರ ಬಂದರೆ ಹುಡುಗಿಯರನ್ನು ರಾತ್ರಿ ವಸ್ತಿಗೆ ತಮ್ಮ ಮನೆಗೇ ಕರೆಸಿಕೊಳ್ಳುವುದು ಅವರ ಪದ್ಧತಿ. ಸಂಜೆ ಬುತ್ತಿ ಕಟ್ಟಿಕೊಂಡು ಹೋಗುವುದು, ಓದುವುದು, ಪಡಸಾಲೆಯಲ್ಲಿ ಸಾಲಾಗಿ ಕೌದಿ ಹಾಸಿ ಮಲಗುವುದು. ಅಕ್ಕೋರದು ಇಸ್ತ್ರಿ ಮುರಿಯದ ಸೀರೆ, ಹಣೆಯ ಮೇಲೆ ವಿಭೂತಿ. ಅವರು ಓಣಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಗಂಡಸರು ಬೀಡಿ ಮರೆಮಾಡಿಕೊಳ್ಳುತ್ತಿದ್ದರು. ಕಂಡದ್ದು ಬರೆಯಿರಿ, ಕೇಳಿದ್ದು ಬರೆಯಬೇಡಿ ಎಂಬುದು ಅವರು ನಮಗೆ ದಿನವೂ ಜಪಿಸುತ್ತಿದ್ದ ಮಂತ್ರ.

ನನಗೊಂದು ಪೀಡೆಯಿತ್ತು. ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆತನ, ಹಟ್ಟಿಯ ಪಕ್ಕ ಕಂಬಳಿ ಹಾಸಿ ಮಲಗುವವರು. ಬೆಳಗ್ಗೆ ಅವ್ವ ಅದನ್ನು ಬೇಲಿಯ ಮೇಲೆ ಒಣಹಾಕಿದರೆ ಮುಗಿಯಿತು. ಕಂಬಳಿಗೆ ಮೈಲಿಗೆ ಇಲ್ಲ ಎನ್ನುತ್ತಿದ್ದಳು. ಅಕ್ಕೋರ ಮನೆಯಲ್ಲಿ ಹಾಗಲ್ಲವಲ್ಲ. ಸಂಜೆಯಿಂದ ನೀರು ಮುಟ್ಟದೆ, ನಿದ್ದೆಗೆಟ್ಟು ಹೇಗೋ ದಿನ ತಳ್ಳುತ್ತಿದ್ದೆ.

ಅಷ್ಟರಲ್ಲಿ ಗೆಳತಿಯರಿಗೊಂದು ಹುಚ್ಚು ಹತ್ತಿತು. ಮಲಗಿದವರ ಕೈಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಅವರು ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾರಂತೆ. ಸಿಕ್ಕವಳು ನಾನೇ. ಬೆಳಗ್ಗೆ ಎದ್ದರೆ ಕೌದಿ ಒದ್ದೆ, ಸುತ್ತಲೂ ನಗು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತಲ್ಲ, ಅದು ನೀರಿನ ಗುಣ, ನಿಮಗೂ ಆಗುತ್ತದೆ ಎಂದು ಜೋರಾಗಿಯೇ ವಾದಿಸಿದೆ. ಅವರಲ್ಲೊಬ್ಬಳು, ಕಿರಾಣಿ ಅಂಗಡಿಯವರ ಮಗಳು, ಮರುದಿನ ತಾನೇ ಕೈ ಅದ್ದಿಸಿಕೊಂಡು ಮಲಗಿದಳು. ಅವಳಿಗೆ ಏನೂ ಆಗಲಿಲ್ಲ. ನನ್ನ ಬಣ್ಣ ಬಯಲಾಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ತಮ್ಮ ಕೌದಿಗಳನ್ನು ದೂರ ಎಳೆದುಕೊಂಡರು.

ನಾನು ಪಾಟಿಚೀಲ ಕಟ್ಟಿದೆ. ಪರೀಕ್ಷೆಯೂ ಬೇಡ, ಸಾಲೆಯೂ ಬೇಡ, ಕುರಿ ಕಾಯುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಪ್ಪನಿಗಂತೂ ಅದೇ ಬೇಕಾಗಿತ್ತು.

ಅಕ್ಕೋರು ಬಾಗಿಲಲ್ಲೇ ತಡೆದರು. ಯಾರನ್ನೂ ಬೈಯಲಿಲ್ಲ, ನಡೆದದ್ದನ್ನೆಲ್ಲ ನಮ್ಮಿಂದಲೇ ಹೇಳಿಸಿಕೊಂಡರು.

"ಒಬ್ಬಾಕಿಗೆ ಆತು, ಒಬ್ಬಾಕಿಗೆ ಆಗ್ಲಿಲ್ಲ. ಇಷ್ಟರಾಗ ಏನ್ ತಿಳೀತು? ನಾಳೆ ಐತವಾರ, ಮಧ್ಯಾಹ್ನ ನಾನ ಮಲಗಿ ನೋಡ್ತೀನಿ. ಅಲ್ಲೀತನಕ ನೀ ಇರು."

ಮರುದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸಿ, ಚಾದರ ಹೊದ್ದು ಮಲಗಿದರು. ಪಕ್ಕದಲ್ಲಿ ಬೆಚ್ಚನೆಯ ನೀರಿನ ಹಿತ್ತಾಳೆ ಬೋಗುಣಿ, ಅದರಲ್ಲಿ ಬಳೆ ಮೇಲೆ ಸರಿಸಿದ ಅವರ ಬಲಗೈ. ನಾವು ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಬಹಳ ಹೊತ್ತಾದ ಮೇಲೆ ಎದ್ದು ಕೂತು, ಕೌದಿಯನ್ನು ಮುಟ್ಟಿ ನೋಡಿಕೊಂಡು, ನಮಗೂ ತೋರಿಸಿದರು. ಒದ್ದೆಯಾಗಿತ್ತು. ಕಿರಾಣಿಯವರ ಮಗಳ ಮುಖ ಆಗ ನೋಡಬೇಕಿತ್ತು.

"ಕೆಲವರಿಗೆ ಆಗ್ತೈತಿ, ಕೆಲವರಿಗೆ ಆಗೂದಿಲ್ಲ. ಇದರಾಗ ನಗೂವಂಥಾದ್ದು ಏನೈತಿ?"

ಅಷ್ಟೇ ಅಂದು, ಆ ಕೌದಿಯನ್ನು ತಾವೇ ಒಗೆದು ಓಣಿಗೆ ಕಾಣುವ ಗೋಡೆಯ ಮೇಲೆ ಹರವಿದರು. ಅಕ್ಕೋರಿಗೇ ಆಗುವುದಾದರೆ ನನ್ನದೇನು ದೊಡ್ಡದು? ಅಂದಿನಿಂದ ನನ್ನನ್ನು ನೋಡಿ ಯಾರೂ ನಗಲಿಲ್ಲ. ಪರೀಕ್ಷೆ ಬರೆದೆ, ಮುಂದೆ ಜತ್ತದಲ್ಲಿ ಕಲಿತೆ, ಈಗ ನಾನೂ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಆ ಪೀಡೆ ಯಾವಾಗಲೋ ತಾನಾಗಿ ಬಿಟ್ಟುಹೋಯಿತು.

ಎಷ್ಟೋ ವರ್ಷ ಬೆಚ್ಚನೆಯ ನೀರಿಗೆ ಆ ಶಕ್ತಿ ಇದೆಯೆಂದೇ ನಂಬಿದ್ದೆ. ಅಕ್ಕೋರು ಮಾಡಿ ತೋರಿಸಿದ್ದರಲ್ಲ. ಹೋದ ವರ್ಷ ನಮ್ಮ ಸಾಲೆಯ ಮಕ್ಕಳು ಪ್ರವಾಸಕ್ಕೆ ಹೋದಾಗ ಇದೇ ಆಟ ಆಡಿದರೆಂದು ತಿಳಿದು, ಒಬ್ಬ ಡಾಕ್ಟರರನ್ನು ಕೇಳಿದೆ. ಅವರು ನಕ್ಕರು. ನೀರು ಹರಿಯುವ ಸದ್ದಿಗೆ ಎಚ್ಚರವಿದ್ದವರಿಗೆ ಅವಸರವಾಗುವುದುಂಟು; ಮಲಗಿದವರ ಕೈ ಅದ್ದಿದರೆ ಹಾಗಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಹಾಸಿಗೆ ಒದ್ದೆಯಾಗುವುದು ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತ ಹೋದಂತೆ ನಿಲ್ಲುತ್ತದೆ ಎಂದರು.

ಹಾಗಾದರೆ ಅಕ್ಕೋರ ಕೌದಿ? ಬೋಗುಣಿಯ ನೀರನ್ನೇ ಸದ್ದಿಲ್ಲದೆ ಚೆಲ್ಲಿಕೊಂಡಿರಬೇಕು, ಎಂಥ ಘಾಟಿ ಹೆಂಗಸು ಎಂದು ದಾರಿಯುದ್ದಕ್ಕೂ ನಗುತ್ತ ಬಂದೆ. ಮನೆ ಮುಟ್ಟುವಷ್ಟರಲ್ಲಿ ನಗು ನಿಂತಿತು. ಅಂದು ಅವರು ಎದ್ದ ಮೇಲೆ ಆ ಬೋಗುಣಿಯನ್ನು ಎತ್ತಿಕೊಂಡು ಹೋಗಿ ಗಿಡಕ್ಕೆ ನೀರು ಹಾಕಿದವಳು ನಾನೇ. ಅದು ತುಂಬಿದ್ದು ತುಂಬಿದಂತೆಯೇ ಇತ್ತು. ತುಳುಕದಂತೆ ಮೆಲ್ಲಗೆ ನಡೆದದ್ದು ಚೆನ್ನಾಗಿ ನೆನಪಿದೆ... ಗೊರಕೆಯಷ್ಟೇ ಸುಳ್ಳು; ಕೌದಿಯನ್ನು ಅವರು ಬೇಕೆಂದೇ, ನಿಜವಾಗಿಯೇ ಒದ್ದೆ ಮಾಡಿಕೊಂಡಿದ್ದರು.

ಅಕ್ಕೋರು ತೀರಿಕೊಂಡು ಬಹಳ ವರ್ಷವಾಯಿತು. ನನಗೆ ಇಷ್ಟು ತಡವಾಗಿ ಗೊತ್ತಾಯಿತಲ್ಲ. ಅವರಿದ್ದಿದ್ದರೆ ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ಕಾಲು ಮುಟ್ಟಿ ಬರುತ್ತಿದ್ದೆ.