ಜೋಳದ ಬೆಂಡಿನ ಓಲೆ

ಮೊನ್ನೆ ಹಳೆಯ ಟ್ರಂಕು ಝಾಡಿಸುವಾಗ ಮದ್ರಾಸಿನ ಕಾಲೇಜು ದಿನಗಳ ನನ್ನ ದಿನಚರಿ ಸಿಕ್ಕಿತು. ಬಿಡಿಸಿದರೆ ಪುಟಗಳ ನಡುವಿಂದ ಒಂದು ಚೂರು ಜೋಳದ ಬೆಂಡು ಜಾರಿ ಬಿತ್ತು. ಕಡ್ಡಿಯಷ್ಟು ಸಣ್ಣದು, ತುದಿಗೆ ಅಂಟಿಸಿದ ಒಂದು ಗುಲಗಂಜಿ. ಬೆಂಡು ಹಳದಿಯಾಗಿದೆ, ಗುಲಗಂಜಿಯ ಕೆಂಪು ಹಾಗೇ ಇದೆ. ತಂಗಿ ನಿಂಗಿಯ ಓಲೆ ಎಂದು ಕೂಡಲೇ ಗೊತ್ತಾಯಿತು. ಅದು ನನ್ನ ಪುಸ್ತಕದೊಳಗೆ ಯಾಕಿತ್ತು ಎಂಬುದು ಮಾತ್ರ ಹೊಳೆಯಲಿಲ್ಲ.

ರಾಯದುರ್ಗದ ನಮ್ಮ ಮನೆಯಲ್ಲಿ ದಸರೆ ಕಳೆದು ಕಾರ್ತೀಕದ ಗೌರಿ ಹುಣ್ಣಿಮೆ ಬರುವತನಕ ಸೋದರತ್ತೆಯ ಮಡಿಲು ಖಾಲಿ ಇರುತ್ತಿರಲಿಲ್ಲ. ಆರತಿ ಹಿಡಿದು ಹೋಗುವ ಓಣಿಯ ಹುಡುಗಿಯರಿಗೆಲ್ಲ ಅವರೇ ಒಡವೆ ಮಾಡಿಕೊಡಬೇಕು. ಸೀತಾಫಲದ ಬೀಜ ನೆನೆಹಾಕಿ, ಸೂಜಿ ಚುಚ್ಚಿ ಸರ ಪೋಣಿಸುವರು. ಜೋಳದ ದಂಟು ಸುಲಿದು, ಒಳಗಿನ ಬಿಳಿ ಬೆಂಡು ಕೊಯ್ದು, ಜಾಲಿಯ ಅಂಟಿನಲ್ಲಿ ಗುಲಗಂಜಿ ಕೂರಿಸಿದರೆ ಓಲೆ. ಅವರ ಬೆರಳುಗಳು ಈಗಲೂ ಕಾಣುತ್ತವೆ, ಮುಖ ಕಾಣುವುದಿಲ್ಲ. ನೆನಪಿನ ಆಯ್ಕೆ ಯಾವ ನ್ಯಾಯದ್ದೋ ನೀವೇ ಹೇಳಿ.

ಆ ವರ್ಷ ನಿಂಗಿಗೆ ಕಿವಿ ಚುಚ್ಚಿಸಿದ್ದರು. ತೂತು ಮುಚ್ಚದಂತೆ ಸಣ್ಣ ಬೆಂಡು ತೂರಿಸಿ, ನಾಲ್ಕು ದಿನಕ್ಕೊಮ್ಮೆ ತುಸು ದಪ್ಪನೆಯದು ಹಾಕುವುದು ನಮ್ಮ ಕಡೆಯ ಪದ್ಧತಿ. ಅವಳ ಸಮಾಧಾನಕ್ಕೆ ಅತ್ತೆ ಸಣ್ಣ ಬೆಂಡಿಗೂ ಗುಲಗಂಜಿ ಅಂಟಿಸಿದ್ದರು. ಹುಣ್ಣಿಮೆಗೆ ದೊಡ್ಡ ಓಲೆ ಇಡಬೇಕೆಂಬುದೇ ಅವಳ ಜಪ.

"ಅತ್ತಿ, ಇವತ್ತರ ದೊಡ್ಡದು ಹಿಡಿತೈತೇನು ನೋಡು."

"ಕಿವಿ ಏನು ಗೋಣಿಚೀಲ ಏನ, ಹಿಗ್ಗಿಸಾಕ? ತಡಿ."

ಹುಣ್ಣಿಮೆ ಹತ್ತಿರವಿದ್ದಾಗ ರಜೆ ಮುಗಿದು ನಾನು ಮದ್ರಾಸಿನ ರೈಲು ಹತ್ತಿದೆ. ಆಮೇಲೆ ಅಪ್ಪನ ಕಾಗದ ಬಂತು: ನಿಂಗಿ ಆಡುವಾಗ ಎಡಗಿವಿಯ ಬೆಂಡು ಬೀಳಿಸಿಕೊಂಡಿದ್ದಾಳೆ, ಯಾರೂ ನೋಡುವಷ್ಟರಲ್ಲಿ ತೂತು ಕೂಡಿಕೊಂಡಿದೆ, ಬೈಸಿಕೊಂಡಳು, ಮತ್ತೆ ಚುಚ್ಚಿಸಿಕೊಂಡಳು, ಆ ಕಿವಿ ಇನ್ನೂ ಹಸಿ ಇದ್ದುದರಿಂದ ಒಂದೇ ಕಿವಿಗೆ ಓಲೆ ಇಟ್ಟು ಆರತಿಗೆ ಹೋದಳು. ಈ ಕಥೆಯನ್ನು ನಾನು ಎಷ್ಟೋ ವರ್ಷ ನನ್ನ ಮಕ್ಕಳಿಗೆ, ವಸ್ತು ಜೋಪಾನ ಮಾಡದವರಿಗೆ ಪಾಠವೆಂದು ಹೇಳಿದ್ದೇನೆ.

ಬೆಂಡು ಇದ್ದ ಪುಟ ಓದಿದೆ. ಬರಹ ನನ್ನದೇ: "ನಿಂಗಿ ಮಲಗಿದ್ದಾಗ ಕಿವಿಯ ಕೊಳಕು ಬೆಂಡು ಕಿತ್ತೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಎಚ್ಚತ್ತಳು. ಈ ಜನಕ್ಕೆ ಶುಚಿತ್ವ ಯಾರು ಕಲಿಸಬೇಕು?"

ಕಾಲೇಜಿನಲ್ಲಿ ಆರೋಗ್ಯದ ಉಪನ್ಯಾಸ ಕೇಳಿಬಂದ ಹೊಸತು. ಅಪ್ಪನ ಕಾಗದ ಓದಿದಾಗ ನನಗೆ ನಿಜ ಗೊತ್ತಿದ್ದಿರಲೇಬೇಕು. ಅದನ್ನು ಯಾವಾಗ ಮರೆತೆ? ಮರೆತೆನೋ, ಬಚ್ಚಿಟ್ಟೆನೋ?

ನಿನ್ನೆ ಬೆಳುಗುಪ್ಪಕ್ಕೆ ಹೋದೆ. ನಿಂಗಿಯ ಮನೆ ಅಲ್ಲೇ. ಅಂಗೈಯಲ್ಲಿ ಬೆಂಡು ಹಿಡಿದು ಕೇಳಿದೆ: "ಕಿತ್ತಾಂವ ನಾನು ಅಂತ ಯಾಕ ಹೇಳಲಿಲ್ಲ?"

ಅವಳು ಕನ್ನಡಕ ಏರಿಸಿ ನೋಡಿದಳು. "ಇದನ್ನ ಇಟ್ಕಂಡಿದ್ದೇನು? ಹೇಳಿದ್ರ ಅಪ್ಪ ನಿನಗ ಬೈದು ಕಾಗದ ಬರೀತಿದ್ದ. ನೀನು ಮೊದಲಽ ಸಿಟ್ಟಿನಾಂವ. ಮುಂದಿನ ಹಬ್ಬಕ್ಕ ಊರಿಗೆ ಬರದಿದ್ರ?"

"ನೋವಾತೇನು?"

"ಎರಡು ಸಲ ಚುಚ್ಚಿದ್ರ ಆಗದಽ ಇರ್ತೈತಾ?" ಎಂದು ನಕ್ಕಳು. ಆಮೇಲೆ ಎಡಗಿವಿಯ ಬಂಗಾರದ ಓಲೆ ತಿರುವಿ ಬಿಚ್ಚಿ, ನೆರೆತ ಕೂದಲು ಸರಿಸಿ, ನನ್ನತ್ತ ಕಿವಿ ಹಿಡಿದಳು. ಹಿಂದೆ ಅತ್ತೆಯ ಮುಂದೆ ಹಿಡಿಯುತ್ತಿದ್ದ ಹಾಗೆಯೇ.

"ಕಿತ್ತಾಂವ ನೀನು, ನೀನಽ ಹಾಕು."

ಬೆಂಡು ಮುರಿದೀತೆಂದು ಉಸಿರು ಬಿಗಿಹಿಡಿದು ತೂರಿಸಿದೆ. ಹಿಡಿಯಿತು.