ಎರಡನೆಯ ನಾಡಿ

ಮೊದಲೇ ಹೇಳಿಬಿಡುತ್ತೇನೆ: ಇಂಥ ಬರಹಗಳನ್ನು ಓದಿ ನಗುತ್ತಿದ್ದವರ ಸಾಲಿನಲ್ಲಿ ನಾನು ಎಲ್ಲರಿಗಿಂತ ಮುಂದೆ ಕೂತವಳು. ಯಾರಾದರೂ ‘ನನ್ನ ಸ್ವಂತ ಕಿವಿಯಿಂದ ಕೇಳಿದೆ’ ಅಂದರೆ ಸಾಕು, ನನ್ನ ನಾಲಿಗೆ ತುರಿಸುತ್ತಿತ್ತು. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನನ್ನದೊಂದು ಮಾತು ಹೆಸರಾಗಿತ್ತು. ದೆವ್ವ, ಶಕುನ, ಜಾತಕ, ವಿಷಯ ಯಾವುದೇ ಇರಲಿ, ಎದುರಾಳಿಯ ಕಡೆ ತಿರುಗಿ, “ಕಿವಿ ಸಾಕ್ಷಿ ಹೇಳಬಹುದು, ಆದರೆ ಕಿವಿಗೆ ಪಾಟೀಸವಾಲು ಹಾಕುವವರು ಯಾರು?” ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಈಗ ಹೇಳಹೊರಟಿರುವ ಸಂಗತಿಗೆ ನನ್ನ ಬಳಿ ಇರುವುದು ಕಿವಿಯೊಂದೇ. ಪಾಟೀಸವಾಲು ನಾನೇ ಹಾಕಿಕೊಂಡಿದ್ದೇನೆ. ನೀವೂ ಹಾಕಿ.

ಮದುವೆಯಾಗಿ ಬಂದದ್ದು ಶಿರಗುಪ್ಪಿಗೆ. ಗಂಡ ಅಜಿತ ಕಬ್ಬು ಬೆಳೆಯುತ್ತಾನೆ. ನಾನು ಕಾಗವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ. ಗಂಡನನ್ನು ಹೆಸರು ಹಿಡಿದು ಕರೆಯುವ ಸೊಸೆ ಅಂತ ಓಣಿಯವರು ಆಡಿಕೊಂಡಾಗ ಅತ್ತೆಯೇ ನನ್ನ ಪರ ವಕಾಲತ್ತು ವಹಿಸಿದ್ದರು: “ಕರೀ ತಂಗಿ, ಕರೀ. ನಾ ಜನ್ಮೆಲ್ಲಾ ‘ಏನ್ರೀ, ಏನ್ರೀ’ ಅಂದ್ನಿ, ನಿಮ್ಮ ಮಾವ ಒಮ್ಮೆರ ತಿರುಗಿ ನೋಡಿದ್ರೇನ?”

ಬಸುರಿಯಾದ ಸುದ್ದಿ ತಿಳಿದ ದಿನವೇ ಅತ್ತೆಗೂ ನನಗೂ ವಾದ ಶುರುವಾಯಿತು. ನಮ್ಮ ಕಡೆ ಐದನೆಯದೋ ಏಳನೆಯದೋ ತಿಂಗಳಲ್ಲಿ ಊರನ್ನೆಲ್ಲ ಕರೆದು ಕುಬಸ ಮಾಡುತ್ತಾರೆ, ಅಂದರೆ ಸೀಮಂತ. ಅದಕ್ಕೂ ಮೊದಲು, ಮೂರನೆಯ ತಿಂಗಳಲ್ಲಿ, ಮನೆಯ ಹೆಂಗಸರೇ ಯಾರಿಗೂ ಹೇಳದೆ ಉಡಿ ತುಂಬಿ ಹಸಿರು ಕುಬಸದ ಬಟ್ಟೆ ಕೊಡುವುದುಂಟು. ಅದಕ್ಕೆ ಕಳ್ಳ ಕುಬಸ ಅನ್ನುತ್ತಾರೆ. ಅದಾಗುವ ತನಕ ಬಾಯಿ ಬಿಡಬೇಡ ಎಂದರು ಅತ್ತೆ.

“ಯಾರಿಂದ ಕದ್ದು ಮಾಡೂದ್ರಿ ಇದನ್ನ?” ಎಂದೆ.

“ಕಣ್ಣಿಂದ.”

“ಯಾರ ಕಣ್ಣು? ಹೆಸರ ಹೇಳ್ರಿ, ವಿಚಾರಿಸೂಣು.”

“ಹೆಸರ ಗೊತ್ತಿದ್ರ ಕದ್ದ ಯಾಕ ಮಾಡ್ತಿದ್ವಿ ಬೇ?”

ಆ ಸುತ್ತಿನಲ್ಲಿ ಗೆದ್ದವರು ಅವರು. ನಾನು ಮೊಬೈಲಿನಲ್ಲಿ ಡಾಪ್ಲರ್ ತರಿಸಿದೆ. ಅಂಗೈಯಗಲದ ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಹೊಟ್ಟೆಯ ಮೇಲೆ ಒತ್ತಿ ಹಿಡಿಯುವ ಗುಂಡು. ಒಳಗಿನ ಕೂಸಿನ ಎದೆಬಡಿತ ಪೆಟ್ಟಿಗೆಯಲ್ಲಿ ಕೇಳುತ್ತದೆ. ಚಿಕ್ಕೋಡಿಯ ಡಾಕ್ಟರ್ ಮೇಡಂ ಕೇಳಿ ಬೈದರು. “ನೋಡವ್ವಾ, ಇಷ್ಟ ಲಗೂನ ಇದು ಮನ್ಯಾಗ ಮಾಡೂ ಕೆಲಸಲ್ಲ. ಕೇಳಿಸಿದ್ರ ಸುಳ್ಳ ಧೈರ್ಯ, ಕೇಳಿಸದಿದ್ರ ಸುಳ್ಳ ಅಂಜಿಕಿ.” ನಾನು ಅಂಜುವವಳಲ್ಲ ಎಂದು ವಾದಿಸಿ ಬಂದೆ.

ನಿಜವಾಗಿಯೂ ಶ್ರದ್ಧೆಯಿಂದ ಕಲಿತೆ. ಮೊದಮೊದಲು ಕೇಳಿದ್ದೆಲ್ಲ ನನ್ನದೇ ರಕ್ತದ ಸದ್ದು. ಹೊಟ್ಟೆಯಲ್ಲಿ ತಾಯಿಯ ದೊಡ್ಡ ರಕ್ತನಾಳಗಳು ಹಾಯುತ್ತವೆ, ಅವುಗಳ ಬಡಿತವನ್ನೇ ಕೂಸಿನದೆಂದು ತಿಳಿದು ಹಿಗ್ಗುವವರು ಬಹಳ. ಮೋಸಹೋಗದಿರಲು ನಾನೊಂದು ಕಟ್ಟಳೆ ಮಾಡಿಕೊಂಡೆ. ಒಂದು ಕೈಯಲ್ಲಿ ಗುಂಡು, ಇನ್ನೊಂದು ಕೈಯ ನಾಡಿಯ ಮೇಲೆ ಅಜಿತನ ಬೆರಳು. ನಾಡಿ ಬಡಿದಾಗೊಮ್ಮೆ ಅವನು ಮಂಚದ ಪಟ್ಟಿಗೆ ಟಕ್ ಅನ್ನಿಸಬೇಕು. ಪೆಟ್ಟಿಗೆಯ ಸದ್ದು ಟಕ್ಕಿನ ಜೊತೆ ಬಂದರೆ ಅದು ನಾನು. ಬೇರೆಯಾಗಿ ಬಂದರೆ ಮಾತ್ರ ಕೂಸು.

ಒಂದು ಸಂಜೆ ಅದು ಬೇರೆಯಾಗಿ ಬಂತು. ಅಜಿತನ ಎರಡು ಟಕ್ಕುಗಳ ನಡುವೆ ಪುಟುಪುಟು ಓಡಿತು. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. “ಶರ್ಯತ್ತಿನ ಕುದುರಿ ಓಡಿದಂಗ ಓಡಾಕತ್ತೈತಲ್ಲ ಬೇ,” ಎಂದರು. ಅವತ್ತಿನಿಂದ ಅವರ ಬಾಯಲ್ಲಿ ಆ ಪೆಟ್ಟಿಗೆ ರೇಡಿಯೋ ಆಯಿತು. ನಾನು ಪುರಾವೆ ಸಿಕ್ಕಿತೆಂದು ಅದನ್ನು ಡಬ್ಬದಲ್ಲಿಟ್ಟೆ. ಸಾಬೀತಾದದ್ದನ್ನು ದಿನಾ ಸಾಬೀತು ಮಾಡುವುದೇಕೆ? ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿಯೂ ಇತ್ತು.

ಕಳ್ಳ ಕುಬಸಕ್ಕೆ ಅತ್ತೆ ದಿನ ಗೊತ್ತುಮಾಡಿದ್ದರು. ಅದರ ಹಿಂದಿನ ದಿನ ಸ್ಕ್ಯಾನಿಗೆ ಚಿಕ್ಕೋಡಿಗೆ ಹೋದೆವು. ಮೇಡಂ ಪರದೆಯ ಮೇಲೆ ಬಹಳ ಹೊತ್ತು ಹುಡುಕಿದರು. ಆಮೇಲೆ ನನ್ನ ಕೈ ಹಿಡಿದು, “ಮಿಡಿತ ಇಲ್ಲವ್ವಾ. ಬೆಳವಣಿಗಿ ನಿಂತು ಸ್ವಲ್ಪ ದಿನಾನ ಆಗೇತಿ,” ಎಂದರು. ಗರ್ಭ ಇಳಿಯಲು ಗುಳಿಗೆ ಬರೆದುಕೊಟ್ಟರು. ಮರುದಿನ ಮುಂಜಾನೆ ಅದನ್ನು ನುಂಗಿ ದವಾಖಾನೆಗೆ ಬರಬೇಕು, ಉಳಿದದ್ದು ಅಲ್ಲಿ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಎದುರಾದವು. ಅಜಿತ ಕಾರಿನ ಗಾಜು ಏರಿಸಿದ.

ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಮನೆ ನಮ್ಮದು. ಅವತ್ತು ಹೊತ್ತು ಮುಳುಗಿದರೂ ಯಾರೂ ತಟ್ಟೆ ಹಾಕಲಿಲ್ಲ. ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅತ್ತೆ ಒಳಗೆ ಬಂದು, ನನ್ನನ್ನು ಎಬ್ಬಿಸಿ ಕೂರಿಸಿ, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಅದರ ಮೇಲೆ ಹಸಿರು ಕುಬಸದ ಬಟ್ಟೆ ಇಟ್ಟರು.

“ಅತ್ತೀ, ಈಗ ಯಾಕ್ರಿ ಇದು?”

“ಮನಿಗಿ ಬಂದಿತ್ತಲ್ಲ ಬೇ ಅದು. ಬಂದವರಿಗೆ ಕೊಡೂದು ಕೊಡಬೇಕು.”

ಉಡಿ ಹಿಡಿದುಕೊಂಡು ಕೂತೆ. ಆಮೇಲೆ ಅವರೇ ಸಣ್ಣ ದನಿಯಲ್ಲಿ, “ಒಮ್ಮಿ ನಿನ್ನ ರೇಡಿಯೋ ಹಚ್ಚು,” ಎಂದರು.

ಅಜಿತ ತಡೆದ. “ಅವ್ವಾ, ಸುಮ್ನಿರು. ಡಾಕ್ಟರ್ ನೋಡ್ಯಾರ.”

ನಾನೇ ಹಚ್ಚಿದೆ. ಆಸೆಯಿಂದಲ್ಲ ಎಂದು ಒತ್ತಿ ಹೇಳುತ್ತೇನೆ. ಅವರಿಗೊಮ್ಮೆ ಆ ಮೌನ ಕೇಳಿಸಿದರೆ ವಾದ ಮುಗಿಯುತ್ತದೆಂದು ಹಚ್ಚಿದೆ. ಪೆಟ್ಟಿಗೆಯ ಜೊತೆ ಬಂದಿದ್ದ ಜೆಲ್ ಮುಗಿದಿತ್ತು, ಅತ್ತೆ ಕೊಬ್ಬರಿ ಎಣ್ಣೆ ಸವರಿದರು. ಮೊದಲು ಗಾಳಿ ಬೀಸಿದಂಥ ಸದ್ದು. ಆಮೇಲೆ ನನ್ನದು, ನಿಧಾನ, ಭಾರ. ನೋಡಿದಿರಾ ಎನ್ನಲು ಬಾಯಿ ತೆರೆದವಳು ಗುಂಡನ್ನು ಕೊಂಚ ಕೆಳಗೆ ಸರಿಸಿದೆ.

ಅದು ಓಡುತ್ತಿತ್ತು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಅಜಿತನಿಗೆ, “ನಾಡಿ ಹಿಡಿ,” ಎಂದೆ. ಅವನ ಬೆರಳು ನಡುಗುತ್ತಿದ್ದವು. “ನಡುಗಿಸಬ್ಯಾಡ, ಸರಿಯಾಗಿ ಹಿಡಿ,” ಎಂದು ಗದರಿದೆ. ಅವನು ಮಂಚಕ್ಕೆ ಟಕ್ ಅನ್ನಿಸತೊಡಗಿದ. ಟಕ್. ಮತ್ತೆ ಟಕ್. ನಡುವೆ ಅದು ತನ್ನ ಪಾಡಿಗೆ ತಾನು ಪುಟುಪುಟು ಓಡಿತು, ಟಕ್ಕಿಗೆ ಕಾಯದೆ, ಟಕ್ಕಿನ ಹಂಗಿಲ್ಲದೆ. ಸದ್ದು ಬಂದದ್ದು ಹೊರಗಿನಿಂದಲ್ಲ. ಗುಂಡು ಎತ್ತಿದರೆ ನಿಂತಿತು, ಇಟ್ಟರೆ ಮತ್ತೆ ಅಲ್ಲೇ ಇತ್ತು. ನಾನು ಅದನ್ನೂ ನೋಡಿದೆ. ಆಮೇಲೆ ಪೆಟ್ಟಿಗೆ ಆರಿಸಿದೆ.

ಆ ರಾತ್ರಿ ಮತ್ತೊಮ್ಮೆ ಹಚ್ಚಬೇಕಿತ್ತು. ಇನ್ನೊಬ್ಬರಾಗಿದ್ದರೆ ನಾನೇ ಕೇಳುತ್ತಿದ್ದೆ, ಪ್ರಯೋಗವನ್ನು ಯಾಕೆ ಪುನಃ ಮಾಡಲಿಲ್ಲ ಎಂದು. ಮಾಡಲಿಲ್ಲ, ಯಾಕೆಂದರೆ ಕೇಳಿಸದಿದ್ದರೆ? ಅಜಿತನ ಮೊಬೈಲು ಕಿಸೆಯಲ್ಲೇ ಇತ್ತು. ರೆಕಾರ್ಡ್ ಮಾಡುವ ಯೋಚನೆ ಮೂವರಲ್ಲಿ ಯಾರಿಗೂ ಬರಲಿಲ್ಲ. ಗುಳಿಗೆಯ ಪೊಟ್ಟಣ ಕಿಟಕಿಯಲ್ಲಿತ್ತು. ಅತ್ತೆ ಅದರ ಮೇಲೊಂದು ಬಟ್ಟಲು ಬೋರಲು ಹಾಕಿದರು, ಅದು ನಮ್ಮನ್ನು ನೋಡಬಾರದೆಂಬಂತೆ.

ಬೆಳಗಾದ ಕೂಡಲೇ ಗುಳಿಗೆ ನುಂಗದೆ ಚಿಕ್ಕೋಡಿಗೆ ಹೋದೆವು. ಮೇಡಂ ಈ ಸಲ ಬೈಯಲಿಲ್ಲ. ಪರದೆಯನ್ನು ನಮ್ಮ ಕಡೆ ತಿರುಗಿಸಿ ಇಟ್ಟು ಎಲ್ಲ ಕಡೆಯಿಂದ ನೋಡಿದರು. ಕೂಸು ನಿನ್ನೆ ಇದ್ದ ಹಾಗೆಯೇ, ಅಷ್ಟೇ ಸಣ್ಣದಾಗಿ, ಅಲ್ಲಾಡದೆ ಇತ್ತು. ನಾನು ಚೀಲದಿಂದ ಡಾಪ್ಲರ್ ತೆಗೆದು ಅವರ ಎದುರಿಗೇ ಹಚ್ಚಿದೆ. ನಿನ್ನೆಯ ಜಾಗ, ಅದರ ಸುತ್ತಮುತ್ತ. ಗಾಳಿ. ನನ್ನ ನಾಡಿ. ಅಷ್ಟೇ.

“ಗಾಬ್ರ್ಯಾಗ ನಿಂದ ಬಡಿತ ಜೋರಾಗಿರತೈತಿ,” ಎಂದರು ಮೇಡಂ. “ಸಸ್ತಾ ಮಶೀನು ಒಂದನ್ನ ಎರಡ ಮಾಡಿ ಕೇಳಸ್ತಾವು.”

“ನಾಡಿ ಹಿಡದಿದ್ವಿ ಮೇಡಂ. ಬ್ಯಾರೆ ಇತ್ತು.”

ಮೇಡಂ ಪರದೆ ಆರಿಸಿದರು. “ನಿನ್ನೆ ನೀವು ಕೇಳಿದ್ದು ಏನಂತ ನಾ ಹೆಂಗ ಹೇಳಲಿ? ಇವತ್ತ ಕಾಣೂದಷ್ಟ ನಾ ಹೇಳಬಲ್ಲೆ ತಂಗಿ.”

ಗುಳಿಗೆಯನ್ನು ನಾನೇ ಬಿಡಿಸಿ, ನಾನೇ ನುಂಗಬೇಕಿತ್ತು. ಸ್ಕ್ಯಾನ್ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು, ಇವತ್ತಿಗೂ ಗೊತ್ತಿದೆ. ಆದರೂ ನುಂಗುವಾಗ ನನ್ನ ಕಿವಿಯಲ್ಲಿ ಆ ಓಟ ಇತ್ತು. ಬದುಕಿನಲ್ಲಿ ಎರಡೂ ಪಕ್ಷ ಹಿಡಿದು ವಾದಿಸಿದವಳು ನಾನು, ಯಾವ ವಾದವೂ ಗಂಟಲಿನಿಂದ ಕೆಳಗಿಳಿದಿರಲಿಲ್ಲ. ಅಜಿತ ನೀರಿನ ಲೋಟ ಹಿಡಿದು ಮುಖ ತಿರುಗಿಸಿ ನಿಂತಿದ್ದ. ಸಂಜೆಯೊಳಗೆ ಎಲ್ಲ ಮುಗಿಯಿತು.

ಆಮೇಲೆ ನಾನು ವಿಚಾರ ಮಾಡದ ದಾರಿಯಿಲ್ಲ. ಮಶೀನಿನ ದೋಷ ಎನ್ನೋಣವೇ? ಒಂದನ್ನು ಎರಡು ಮಾಡಿದ್ದರೆ ಪ್ರತಿ ಟಕ್ಕಿನ ಜೊತೆಗೂ ಒಂದು ಬಡಿತ ಕೂಡಬೇಕಿತ್ತು. ಮೂವರ ಭ್ರಮೆ? ಅಜಿತನಿಗೆ ಯಾವ ಆಸೆಯೂ ಇರಲಿಲ್ಲ, ಅವನು ತಡೆದವನು. ಸ್ಕ್ಯಾನ್ ತಪ್ಪಿತ್ತೆ? ಇಲ್ಲ. ಹಾಗಾದರೆ ಕೂಸಿಗೆ ಜೀವವಿತ್ತೆ? ಇರಲಿಲ್ಲ. ಎಲ್ಲಕ್ಕೂ ‘ಇಲ್ಲ’ ಎಂದ ಮೇಲೂ ಆ ಸದ್ದು ಹಾಗೆಯೇ ಉಳಿಯುತ್ತದೆ.

ಅತ್ತೆಯನ್ನು ಒಮ್ಮೆ ಕೇಳಿದೆ. “ಉಡಿ ತುಂಬಿದ್ವಲ್ಲ, ಮುಟ್ಟಿತು ಅಂತ ಹೇಳಿ ಹೋತು,” ಎಂದರು. ನಾನು ಅದನ್ನು ಒಪ್ಪುವುದಿಲ್ಲ. ಒಪ್ಪಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಆ ಹಸಿರು ಬಟ್ಟೆಯಲ್ಲಿ ಡಾಪ್ಲರನ್ನು ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ನಾನು ಬೇಡ ಎನ್ನಲಿಲ್ಲ. ಅಜಿತ ಮಾತ್ರ ಈಚೆಗೆ, “ನಾ ಅವತ್ತ ನಾಡಿ ಸರಿ ಹಿಡದಿರಲಿಲ್ಲ ಅನಸ್ತೈತಿ. ಕೈ ನಡುಗ್ತಿತ್ತಲ್ಲ,” ಎನ್ನತೊಡಗಿದ್ದಾನೆ. ಇರಬಹುದು. ಅದೇ ಎಲ್ಲಕ್ಕಿಂತ ಸರಳ ಉತ್ತರ. ಅವನು ಹಾಗೆ ಅಂದ ದಿನ ನಾನು ಅವನೊಂದಿಗೆ ಮಾತಾಡಲಿಲ್ಲ.

ಹೋದ ತಿಂಗಳು ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ನಿರ್ಣಾಯಕಿ. ತರಗತಿಯಲ್ಲಿ ನನ್ನ ಮಾತು ಕೇಳಿದ್ದ ಹುಡುಗಿಯೊಬ್ಬಳು ಎದುರಾಳಿಯ ಕಡೆ ತಿರುಗಿ, “ಕಿವಿಗೆ ಪಾಟೀಸವಾಲು ಹಾಕುವವರು ಯಾರು?” ಎಂದಳು. ಸಭೆ ಚಪ್ಪಾಳೆ ತಟ್ಟಿತು. ಚೆನ್ನಾಗಿ ಮಾತಾಡಿದ್ದಳು, ಮೊದಲ ಸ್ಥಾನ ಅವಳಿಗೇ ಕೊಟ್ಟೆ. ಆ ಚಪ್ಪಾಳೆ ನಿಲ್ಲುವ ತನಕ ಮೇಜಿನ ಕೆಳಗೆ ನನ್ನ ಬೆರಳು ನನ್ನದೇ ಮಣಿಕಟ್ಟಿನ ಮೇಲಿತ್ತು. ನಾಡಿ ನಿಧಾನವಾಗಿ ಬಡಿಯುತ್ತಿತ್ತು. ನಾನು ಅದರ ನಡುವಿನ ಜಾಗಕ್ಕೆ ಕಿವಿಗೊಟ್ಟು ಕೂತಿದ್ದೆ.